ಹೊಸ್ತಿಲು ದಾಟಿ ಬರುವ ವಿಷ

ಭತ್ತ ತೆನೆ ಕಟ್ಟುವ ದಿನಗಳಲ್ಲಿ ರಾಯಚೂರು ಜಿಲ್ಲೆಯ ಮಾನ್ವಿಯಿಂದ ಪೋತ್ನಾಳ ಹಾದು ಸಿಂಧನೂರಿಗೆ ಹೋಗುವ ಬಸ್ಸಿನ ಕಿಟಕಿ ಪಕ್ಕ ಕೂತವರಿಗೆ ಆ ವಾಸನೆ ಗೊತ್ತು. ಮೂಗಿಗೆ ಚುಚ್ಚುವ, ಬಾಯಿ ಒಗರು ಮಾಡುವ, ತಲೆ ಹಿಡಿಸುವ ವಾಸನೆ. ಗದ್ದೆಗಳಲ್ಲಿ ಬೆನ್ನಿಗೆ ಪಂಪು ಹೊತ್ತವರು ಗಾಳಿಗೆ ಎದುರಾಗಿಯೇ ನಡೆಯುತ್ತಿರುತ್ತಾರೆ. ಬದುವಿನ ಜಾಲಿಗಿಡಕ್ಕೆ ಸೀರೆಯ ಜೋಲಿ ಕಟ್ಟಿ, ಅದರಲ್ಲಿ ಕೂಸು ಮಲಗಿಸಿ, ಪಕ್ಕದ ಹೊಲದಲ್ಲಿ ತಾಯಿ ಕಳೆ ತೆಗೆಯುತ್ತಿರುತ್ತಾಳೆ. ಹೊತ್ತು ಮುಳುಗುವಾಗ ಎಲ್ಲರೂ ಊರಿಗೆ ಮರಳುತ್ತಾರೆ. ತೊಯ್ದ ಅಂಗಿಯಲ್ಲೇ ಅಪ್ಪ ಅಂಗಳಕ್ಕೆ ಬಂದರೆ ಎರಡು ವರ್ಷದ ಮಗು ಓಡಿಹೋಗಿ ಕಾಲು ತಬ್ಬುತ್ತದೆ.

ಮಕ್ಕಳಿರುವ ಮನೆಯನ್ನು ವಿಷಮುಕ್ತ ಮಾಡುವ ಮಾತು ಈಗ ನಗರಗಳ ತಂದೆ-ತಾಯಂದಿರಲ್ಲಿ ಜೋರಾಗಿದೆ. ಪ್ಲಾಸ್ಟಿಕ್ ಡಬ್ಬಿ ಹೋಗಿ ಸ್ಟೀಲು ಬರಲಿ, ಸಾವಯವ ಅಂಗಡಿಯ ಬೇಳೆ ಬರಲಿ, ಘಾಟಿನ ಫಿನಾಯಿಲು ಹೋಗಲಿ ಎನ್ನುತ್ತಾರೆ. ಒಳ್ಳೆಯ ಮಾತೇ. ಆದರೆ ಪೋತ್ನಾಳ, ದೇವದುರ್ಗ, ಮಾನ್ವಿ, ಸಿರವಾರದ ಮನೆಗಳಲ್ಲಿ ಈ ಕೆಲಸ ಶುರುವಾಗಬೇಕಾದ ಜಾಗ ಅಡುಗೆಮನೆಯ ಕಪಾಟಲ್ಲ, ತಲೆಬಾಗಿಲು. ಇಲ್ಲಿ ವಿಷ ಹೊಲದಿಂದ ಬರುತ್ತದೆ. ಅಂಗಿಯಲ್ಲಿ, ಪಂಪಿನಲ್ಲಿ, ಖಾಲಿ ಡಬ್ಬಿಯಲ್ಲಿ, ಒಲೆಗೆ ತಂದ ಹತ್ತಿ ಕಟಿಗೆಯಲ್ಲಿ, ಕಾಲುವೆಯ ನೀರಿನಲ್ಲಿ ಬಂದು ಮನೆ ಸೇರುತ್ತದೆ. ಅದನ್ನು ಹೊಸ್ತಿಲ ಆಚೆಯೇ ನಿಲ್ಲಿಸುವುದು ದುಡ್ಡಿಗಿಂತ ಹೆಚ್ಚಾಗಿ ರೂಢಿಯ ಪ್ರಶ್ನೆ. ಬಡ ಕೂಲಿಕಾರರ ಮನೆಯಲ್ಲೂ ಅದು ಸಾಧ್ಯ. ಸಾಧ್ಯವಾಗದ ಒಂದೆರಡು ಸಂಗತಿಗಳೂ ಇವೆ, ಅವು ಸರ್ಕಾರದ ಪಾಲಿನವು. ಅದನ್ನೂ ಇಲ್ಲಿ ಹೇಳಲೇಬೇಕು.

ನೀರು ಬಂತು, ಎಣ್ಣಿಯೂ ಬಂತು

ಈ ನೆಲ ಮೊದಲಿನಿಂದ ಹೀಗಿರಲಿಲ್ಲ. ತುಂಗಭದ್ರಾ ಅಣೆಕಟ್ಟೆಯಲ್ಲಿ 1953ರಲ್ಲಿ ನೀರು ನಿಂತ ಮೇಲೆ ಎಡದಂಡೆ ಕಾಲುವೆ ಗಂಗಾವತಿ, ಸಿಂಧನೂರು, ಮಾನ್ವಿ ದಾಟಿ ರಾಯಚೂರಿನತ್ತ ಹರಿಯಿತು. ಯೋಜನೆ ಮಾಡಿದವರ ಮನಸ್ಸಿನಲ್ಲಿದ್ದದ್ದು ಬಹುಪಾಲು ಅರೆನೀರಾವರಿ: ಜೋಳ, ಹತ್ತಿ, ಶೇಂಗಾದಂಥ ಬೆಳೆಗಳಿಗೆ ಒಂದೆರಡು ನೀರು. ಆದರೆ ಕರಾವಳಿ ಆಂಧ್ರದಿಂದ ಬಂದು ಕ್ಯಾಂಪು ಕಟ್ಟಿದ ರೈತರು ಭತ್ತ ನಾಟಿ ಮಾಡಿದರು, ಅವರನ್ನು ನೋಡಿ ಇಲ್ಲಿಯವರೂ ಮಾಡಿದರು. ಸೋನಾಮಸೂರಿ ರಾಯಚೂರು ಜಿಲ್ಲೆಗೆ ಹೆಸರು ತಂದಿತು, ಅಕ್ಕಿ ಗಿರಣಿಗಳು ಎದ್ದವು. ಆ ಕಡೆ ನಾರಾಯಣಪುರ ಬಲದಂಡೆ ಕಾಲುವೆ ಬಂದ ಮೇಲೆ ದೇವದುರ್ಗದ ಸೀಮೆಯಲ್ಲಿ ಮೆಣಸಿನಕಾಯಿ, ಹತ್ತಿ ಹಬ್ಬಿದವು. ಭತ್ತ, ಹತ್ತಿ, ಮೆಣಸಿನಕಾಯಿ, ತೊಗರಿ, ಇವೆಲ್ಲ ಕೀಟಕ್ಕೆ ಪ್ರೀತಿಯ ಬೆಳೆಗಳು. ಮಳೆಗಾಲದಿಂದ ಬೇಸಿಗೆಯವರೆಗೆ ಒಂದಲ್ಲ ಒಂದು ಹೊಲಕ್ಕೆ ಎಣ್ಣಿ, ಅಂದರೆ ಕೀಟನಾಶಕ, ಹೊಡೆಯುವುದು ನಡೆದೇ ಇರುತ್ತದೆ.

ಎರಡು ತಲೆಮಾರು ಇದರಲ್ಲೇ ಬೆಳೆದದ್ದರಿಂದ ಭಯ ಹೋಗಿಬಿಟ್ಟಿದೆ. ಕೀಟನಾಶಕದ ಡಬ್ಬಿ ದೇವರ ಜಗಲಿಯ ಪಕ್ಕದ ಗೂಡಿನಲ್ಲಿರುತ್ತದೆ, ಪಂಪು ಕಾಳಿನ ಚೀಲಕ್ಕೆ ಒರಗಿರುತ್ತದೆ. ಭಯ ಪಡಲು ಕಾರಣಗಳೇನೋ ದೂರವಿಲ್ಲ. 2025ರ ಜುಲೈನಲ್ಲಿ ಸಿರವಾರ ತಾಲ್ಲೂಕಿನ ಹಳ್ಳಿಯೊಂದರಲ್ಲಿ ರಾತ್ರಿ ಊಟ ಮಾಡಿದ ಕುಟುಂಬವೊಂದರ ತಂದೆ ಮತ್ತು ಇಬ್ಬರು ಪುಟ್ಟ ಹೆಣ್ಣುಮಕ್ಕಳು ತೀರಿಕೊಂಡರು. ತಮ್ಮ ಹೊಲದಲ್ಲೇ ಬೆಳೆದ ಕಾಯಿಪಲ್ಯವನ್ನು ಅವರು ಊಟಕ್ಕೆ ಮಾಡಿಕೊಂಡಿದ್ದರು. ಅದಕ್ಕೆ ಹೊಡೆದ ಕೀಟನಾಶಕವೇ ಕಾರಣವಿರಬಹುದೆಂಬ ಶಂಕೆಯನ್ನು ಆಗಿನ ವರದಿಗಳು ಹೇಳಿದವು. ನಮ್ಮದೇ ಹೊಲದ ಪಲ್ಯ, ನಾವೇ ಬೆಳೆದದ್ದು ಎಂಬ ನೆಚ್ಚಿಕೆಯನ್ನೇ ಅಲುಗಾಡಿಸಿದ ಸುದ್ದಿ ಅದು.

ಮೊದಲ ಕೆಲಸ ಅಂಗಳದಲ್ಲಿ

ಭತ್ತ, ಹತ್ತಿಗೆ ಹೊಡೆಯುವ ಬಹಳಷ್ಟು ಕೀಟನಾಶಕಗಳು ಆರ್ಗನೋಫಾಸ್ಫೇಟ್ ಎಂಬ ಗುಂಪಿಗೆ ಸೇರಿದವು. ಕೀಟದ ನರಗಳ ನಡುವೆ ಸಂದೇಶ ಸಾಗಿದ ಮೇಲೆ ಅದನ್ನು ಅಳಿಸಿಹಾಕಲು ಒಂದು ಕಿಣ್ವ ಇರುತ್ತದೆ. ಈ ವಿಷ ಆ ಕಿಣ್ವವನ್ನು ಕಟ್ಟಿಹಾಕುತ್ತದೆ. ಸಂದೇಶ ಅಳಿಯದೆ ನರ ಬಡಿದುಕೊಳ್ಳುತ್ತಲೇ ಇರುತ್ತದೆ. ಅದೇ ಕಿಣ್ವ ಮನುಷ್ಯನಲ್ಲೂ ಇದೆ. ಹೊಡೆದು ಬಂದವರಿಗೆ ಜೊಲ್ಲು ಸುರಿಯುವುದು, ಕಣ್ಣು ಮಂಜಾಗುವುದು, ಹೊಟ್ಟೆ ತೊಳಸಿ ವಾಂತಿಯಾಗುವುದು, ಮೈ ಅದುರುವುದು, ಎದೆ ಬಿಗಿಯುವುದು ಆಗುವುದು ಇದರಿಂದಲೇ. ಬಿಸಿಲಿಗೆ ಹಾಗಾಯಿತು ಎಂದು ಒಂದು ಲಿಂಬೆ ಶರಬತ್ತು ಕುಡಿದು ಮಲಗಿಬಿಡುವವರು ಎಷ್ಟೋ ಜನ. 2017ರಲ್ಲಿ ಮಹಾರಾಷ್ಟ್ರದ ಯವತ್ಮಾಳ ಜಿಲ್ಲೆಯಲ್ಲಿ ಹತ್ತಿಗೆ ಔಷಧ ಹೊಡೆಯುತ್ತಲೇ ಇಪ್ಪತ್ತಕ್ಕೂ ಹೆಚ್ಚು ರೈತರು, ಕೂಲಿಕಾರರು ಸತ್ತರು. ಅವರದೂ ನಮ್ಮಂಥದೇ ಕಪ್ಪುನೆಲ, ನಮ್ಮಂಥದೇ ಬೆಳೆ.

ದೊಡ್ಡವರು ತಾಳಿಕೊಂಡದ್ದನ್ನು ಮಗು ತಾಳುವುದಿಲ್ಲ. ಮೈತೂಕಕ್ಕೆ ಹೋಲಿಸಿದರೆ ಮಗುವಿನ ಚರ್ಮದ ಹರವು ದೊಡ್ಡದು, ಅದು ಒಳಗೆಳೆಯುವ ಗಾಳಿ ಹೆಚ್ಚು, ಕುಡಿಯುವ ನೀರೂ ಹೆಚ್ಚು. ನೆಲದ ಮೇಲೆ ಅಂಬೆಗಾಲಿಟ್ಟು, ಸಿಕ್ಕಿದ್ದನ್ನು ಬಾಯಿಗೆ ಹಾಕಿಕೊಳ್ಳುವ ವಯಸ್ಸು ಬೇರೆ. ಮಿದುಳು, ನರಗಳು ಇನ್ನೂ ಕೂಡಿಕೊಳ್ಳುತ್ತಿರುವ ಕಾಲದಲ್ಲಿ ದಿನಾ ಒಂದಿಷ್ಟು ವಿಷ ಸೋಕಿದರೆ ಅದರ ಪರಿಣಾಮ ಆ ದಿನವೇ ಕಾಣಿಸಬೇಕೆಂದೇನಿಲ್ಲ. ಕಲಿಕೆಯಲ್ಲಿ, ಬೆಳವಣಿಗೆಯಲ್ಲಿ ವರ್ಷಗಳ ಮೇಲೆ ಕಂಡೀತು.

ಹಾಗಾಗಿ ವಿಷಮುಕ್ತ ಮನೆಯ ಮೊದಲ ನಿಯಮ ಬಲು ಸರಳ: ಎಣ್ಣಿ ಹೊಡೆದು ಬಂದ ಅಪ್ಪ ಸಾಬೂನು ಹಚ್ಚಿ ಮೈ ತೊಳೆದುಕೊಂಡು ಬೇರೆ ಬಟ್ಟೆ ಉಡುವ ತನಕ ಮಗುವನ್ನು ಎತ್ತಿಕೊಳ್ಳಬಾರದು. ಅಂಗಳದ ಮೂಲೆಯಲ್ಲಿ ಒಂದು ಹಂಡೆ ನೀರು, ಒಂದು ತುಂಡು ಸಾಬೂನು, ಹಗ್ಗದ ಮೇಲೆ ಒಗೆದ ಲುಂಗಿ ಸಿದ್ಧವಾಗಿರಲಿ. ಬಚ್ಚಲು ಒಳಗಿದ್ದರೆ ಒಳಗೆ ಹೋಗುವ ಮುನ್ನವೇ ಅಂಗಿ ಕಳಚಲಿ. ಆ ಬಟ್ಟೆಯನ್ನು ಮಕ್ಕಳ ಬಟ್ಟೆಯ ಜತೆ ನೆನೆಹಾಕಬಾರದು, ಬೇರೆ ಬಕೆಟ್ಟಿನಲ್ಲಿ ಒಗೆದು ಬಿಸಿಲಿಗೆ ಹಾಕಬೇಕು. ಒಗೆಯುವವಳು ಮನೆಯ ಹೆಂಗಸು. ಬಸುರಿಯಾಗಿದ್ದರೆ, ಬಾಣಂತಿಯಾಗಿದ್ದರೆ ಆ ಕೆಲಸ ಅವಳಿಗೆ ಬೇಡ, ಹೊಡೆದವನೇ ಒಗೆಯಲಿ. ಇದನ್ನು ಅಪ್ಪಂದಿರಿಗೇ ನೇರವಾಗಿ ಹೇಳುತ್ತಿದ್ದೇನೆ, ಏಕೆಂದರೆ ಮನೆ ಶುಚಿ ಎಂದೊಡನೆ ಭಾರವೆಲ್ಲ ತಾಯಿಯ ಹೆಗಲಿಗೆ ಹೋಗುವುದು ನಮ್ಮಲ್ಲಿ ವಾಡಿಕೆ. ಹೊಲದ ವಿಷ ಮನೆಗೆ ಬರುವುದು ಹೆಚ್ಚಾಗಿ ಗಂಡಸಿನ ಮೈಮೇಲೆ.

ಇನ್ನು ಡಬ್ಬಿಯ ಮಾತು. ಖಾಲಿಯಾದ ಕೀಟನಾಶಕದ ಡಬ್ಬಿ ಗಟ್ಟಿಯಾಗಿರುತ್ತದೆ, ಮುಚ್ಚಳ ಬಿಗಿಯಾಗಿರುತ್ತದೆ. ಎಸೆಯಲು ಮನಸ್ಸು ಬರುವುದಿಲ್ಲ. ಸೀಮೆಎಣ್ಣೆಗೆ, ಡೀಸೆಲ್ಲಿಗೆ, ಬಯಲಿಗೆ ಹೋಗುವಾಗಿನ ನೀರಿಗೆ, ಕೆಲವು ಕಡೆ ಅಡುಗೆ ಎಣ್ಣೆಗೂ ಅದೇ. 2013ರ ಜುಲೈ 16ರಂದು ಬಿಹಾರದ ಸಾರಣ್ ಜಿಲ್ಲೆಯ ಶಾಲೆಯಲ್ಲಿ ಬಿಸಿಯೂಟ ಉಂಡ 23 ಮಕ್ಕಳು ಸತ್ತರು. ಅಡುಗೆಯ ಎಣ್ಣೆಯಲ್ಲಿ ಮೊನೊಕ್ರೊಟೊಫಾಸ್ ಎಂಬ ಕೀಟನಾಶಕ ಇದ್ದದ್ದು ಪರೀಕ್ಷೆಯಲ್ಲಿ ಗೊತ್ತಾಯಿತು. ಮೂರು ಸಲ ನೀರು ಹಾಕಿ ಕುಲುಕಿ, ಆ ನೀರನ್ನು ಪಂಪಿಗೇ ಸುರಿದು ಹೊಲಕ್ಕೇ ಹೊಡೆದು, ಡಬ್ಬಿಯನ್ನು ಮತ್ತೆ ಬಳಸದ ಹಾಗೆ ಮೊಳೆಯಿಂದ ತೂತು ಮಾಡುವುದು ಒಂದೇ ದಾರಿ. ಸುಡುವುದೂ ತಪ್ಪು, ಹೊಗೆ ಇನ್ನೊಂದು ವಿಷ. ಪಂಪನ್ನು ಕಾಲುವೆಯಲ್ಲಿ, ಕೆರೆಯಲ್ಲಿ ತೊಳೆಯುವುದಂತೂ ಊರಿಗೆಲ್ಲ ಮಾಡುವ ಅನ್ಯಾಯ.

ಓದು ಬಾರದವರಿಗೂ ತಿಳಿಯಲೆಂದು ಪ್ರತಿ ಡಬ್ಬಿಯ ಮೇಲೆ ಮೂಲೆಯ ಮೇಲೆ ನಿಂತ ಚೌಕವೊಂದನ್ನು ಅಚ್ಚು ಹಾಕಿರುತ್ತಾರೆ. 1971ರ ಕೀಟನಾಶಕ ನಿಯಮಗಳಲ್ಲೇ ಅದಿದೆ. ಚೌಕದ ಕೆಳಗಿನ ಅರ್ಧ ಕೆಂಪಿದ್ದರೆ ಅತಿ ಘೋರ ವಿಷ, ಹಳದಿ ಇದ್ದರೆ ಅದಕ್ಕಿಂತ ಒಂದು ಮೆಟ್ಟಿಲು ಕೆಳಗೆ, ಆಮೇಲೆ ನೀಲಿ, ಕೊನೆಗೆ ಹಸಿರು. ಹಸಿರೆಂದರೆ ನಿರಪಾಯ ಎಂದು ತಿಳಿಯಬಾರದು, ವಿಷ ಕಡಿಮೆ ಎಂದಷ್ಟೇ. ಕಳೆಗೆ ಹೊಡೆಯುವ ಪ್ಯಾರಾಕ್ವಾಟ್‌ಗೆ ಹಳದಿ ಗುರುತು. ಅದು ಹೊಟ್ಟೆಗೆ ಹೋದರೆ ಪ್ರತಿವಿಷವೇ ಇಲ್ಲ, ಒಂದೆರಡು ಗುಟುಕೇ ಸಾಕು. ಇಂಥ ಡಬ್ಬಿ ಮಗುವಿನ ಕೈಗೆ ಸಿಗುವ ಎತ್ತರದಲ್ಲಿ ಇರಲೇಬಾರದು. ಮನೆಯ ಹೊರಗೆ ಕೀಲಿ ಹಾಕುವ ಪೆಟ್ಟಿಗೆಯೊಂದು ಬೇಕು. ಬೇಕಾದಷ್ಟನ್ನೇ ಕೊಂಡು ಹೊಲದಲ್ಲೇ ಮುಗಿಸಿ ಬರುವುದು ಇನ್ನೂ ಒಳ್ಳೆಯದು. ಸಿಟ್ಟಿನ, ಸಂಕಟದ ಗಳಿಗೆಯಲ್ಲಿ ಕೈಗೆ ಸಿಗುವುದೂ ಇದೇ ಡಬ್ಬಿ ಎಂಬುದನ್ನು ಈ ಜಿಲ್ಲೆಯ ಎಷ್ಟೋ ಮನೆಗಳು ಕಂಡಿವೆ.

ಅಕಸ್ಮಾತ್ ಮಗುವಿನ ಮೈಗೆ ಬಿದ್ದರೆ ಬಟ್ಟೆ ಬಿಚ್ಚಿ ಧಾರಾಳ ನೀರಿನಲ್ಲಿ ಸಾಬೂನು ಹಚ್ಚಿ ತೊಳೆಯಬೇಕು. ಕುಡಿದಿದ್ದರೆ ಉಪ್ಪುನೀರು, ಹುಣಸೆನೀರು ಕುಡಿಸಿ ವಾಂತಿ ಮಾಡಿಸಲು ಹೋಗಬಾರದು. ವಾಂತಿ ಉಸಿರುನಾಳಕ್ಕೆ ಹೋದರೆ ಅಪಾಯ ಇಮ್ಮಡಿ. 108ಕ್ಕೆ ಕರೆ ಮಾಡಿ, ಡಬ್ಬಿಯನ್ನೂ ಜತೆಗೇ ಆಸ್ಪತ್ರೆಗೆ ಒಯ್ಯಬೇಕು. ಯಾವ ವಿಷವೆಂದು ಗೊತ್ತಾದರೆ ವೈದ್ಯರ ಅರ್ಧ ಕೆಲಸ ಮುಗಿದಂತೆ.

ಕಾಳು, ಒಲೆ, ಹೇನು

ಹೊಸ್ತಿಲ ಒಳಗೂ ನಾವೇ ಕರೆತಂದು ಕೂರಿಸಿಕೊಂಡ ವಿಷಗಳಿವೆ. ಅವುಗಳಲ್ಲಿ ಕೇಡು ಹೆಚ್ಚಿನದು ಕಾಳಿಗೆ ಇಡುವ ಗುಳಿಗೆ. ಅಲ್ಯೂಮಿನಿಯಂ ಫಾಸ್ಫೈಡ್ ಗುಳಿಗೆ ಗಾಳಿಯ ತೇವ ತಾಕಿದ ಕೂಡಲೇ ಫಾಸ್ಫೀನ್ ಅನಿಲ ಬಿಡುತ್ತದೆ. ಗೋದಾಮಿನಲ್ಲಿ, ತರಬೇತಾದವರ ಕೈಯಲ್ಲಿ ಮಾತ್ರ ಬಳಸಬೇಕಾದದ್ದು. ಆದರೂ ಜೋಳದ ಚೀಲ, ತೊಗರಿಯ ಚೀಲದೊಳಗೆ ಅದನ್ನು ತುರುಕಿ, ಅದೇ ಕೋಣೆಯಲ್ಲಿ ಬಾಗಿಲು ಹಾಕಿಕೊಂಡು ಮಲಗುವವರಿದ್ದಾರೆ. 2024ರ ನವೆಂಬರಿನಲ್ಲಿ ಚೆನ್ನೈ ಹತ್ತಿರದ ಮನೆಯೊಂದರಲ್ಲಿ ಇಲಿಗೆಂದು ಇಟ್ಟ ವಿಷದಿಂದ ಮಲಗಿದ್ದ ಇಬ್ಬರು ಮಕ್ಕಳು ತೀರಿಕೊಂಡರು. ಮಲಗುವ ಮನೆಗೆ ಈ ಗುಳಿಗೆ ಬರಲೇಕೂಡದು.

ಕಾಳು ಕಾಯುವ ವಿದ್ಯೆ ನಮ್ಮ ಅಜ್ಜಿಯರಿಗೆ ಚೆನ್ನಾಗಿ ಗೊತ್ತಿತ್ತು. ಹಲ್ಲಿಗೆ ಹಾಕಿದರೆ ಕಟಕ್ ಎನ್ನುವ ತನಕ ಬಿಸಿಲಿಗೆ ಒಣಗಿಸುವುದು, ಬೇವಿನ ಸೊಪ್ಪು, ಲಕ್ಕಿ ಸೊಪ್ಪು ನಡುನಡುವೆ ಹಾಸುವುದು, ತೊಗರಿಗೆ ಕೆಮ್ಮಣ್ಣು ಕಟ್ಟುವುದು, ಕಡಲೆಗೆ ಔಡಲೆಣ್ಣೆ ಸವರುವುದು, ಜೋಳಕ್ಕೆ ಬೂದಿ ಬೆರೆಸುವುದು. ಊರ ನಡುವೆ ನೆಲದಡಿಯ ಹಗೇವುಗಳಲ್ಲಿ ಜೋಳ ವರ್ಷಗಟ್ಟಲೆ ಉಳಿಯುತ್ತಿತ್ತು. ಒಳಗಿನ ಗಾಳಿ ತೀರಿದ ಮೇಲೆ ಹುಳು ಬದುಕುವುದಿಲ್ಲ ಎಂಬುದೇ ಅದರ ಗುಟ್ಟು. ಈಗ ಅದೇ ತತ್ವದ ಗಾಳಿಯಾಡದ ಮೂರು ಪದರದ ಚೀಲಗಳು ಬಂದಿವೆ. ಒಂದು ಚೀಲ ಜತನದಿಂದ ಬಳಸಿದರೆ ಎರಡು ಮೂರು ಸುಗ್ಗಿ ಬರುತ್ತದೆ. ಮಕ್ಕಳ ಮನೆಗೆ ಹಾಕಬಹುದಾದ ದುಡ್ಡಿನಲ್ಲಿ ಇದು ಸಾರ್ಥಕವಾದದ್ದು.

ಒಲೆಯ ಸಂಗತಿ ಸೂಕ್ಷ್ಮ. 2016ರ ಉಜ್ವಲಾ ಯೋಜನೆಯಿಂದ ಸಿಲಿಂಡರು ಬಂದರೂ ಮರುಭರ್ತಿಯ ದುಡ್ಡಿಲ್ಲದೆ ಎಷ್ಟೋ ಮನೆಗಳಲ್ಲಿ ರೊಟ್ಟಿ ಬೇಯುವುದು ಹತ್ತಿ ಕಟಿಗೆ, ತೊಗರಿ ಕಟಿಗೆಯ ಮೇಲೆ. ಕಟಿಗೆ ಒಲೆಯ ಹೊಗೆಯೇ ಮಕ್ಕಳ ಪುಪ್ಪುಸಕ್ಕೆ ಕೆಟ್ಟದ್ದು. ಹಂಗಾಮಿಡೀ ಎಣ್ಣಿ ಕುಡಿದ ಹತ್ತಿ ಗಿಡವಾದರೆ ಅದರಲ್ಲಿ ಏನೇನು ಉಳಿದಿದೆಯೋ. ಕಟಿಗೆ ಅನಿವಾರ್ಯವಾದರೆ ಜಾಲಿಯದು ಲೇಸು, ಹತ್ತಿಯದು ಬಚ್ಚಲ ಒಲೆಗೂ ಬೇಡ. ಇರುವ ಗ್ಯಾಸನ್ನು ಕೂಸಿನ ಹಾಲು, ಗಂಜಿ, ಬೆಳಗಿನ ರೊಟ್ಟಿಗಾದರೂ ಮೀಸಲಿಡಬೇಕು. ಒಲೆ ಹತ್ತಿಸಲು ಪ್ಲಾಸ್ಟಿಕ್ ಚೀಲ, ಗುಟ್ಕಾ ಚೀಟಿ ಹಾಕುವುದನ್ನು ಇಂದೇ ಬಿಡಬೇಕು.

ಸೊಳ್ಳೆಯ ಬತ್ತಿಯ ಬಗ್ಗೆ ಒಂದು ಲೆಕ್ಕ ಹೇಳಿದರೆ ಸಾಕು. ಚೀನಾ, ಮಲೇಷ್ಯಾದ ಬತ್ತಿಗಳನ್ನು ಪರೀಕ್ಷಿಸಿ 2003ರಲ್ಲಿ ಪ್ರಕಟವಾದ ಸಂಶೋಧನೆಯಲ್ಲಿ, ಒಂದು ಸುರುಳಿ ಪೂರ್ತಿ ಉರಿದಾಗ ಬಿಡುವ ಸೂಕ್ಷ್ಮ ಕಣಗಳು 75ರಿಂದ 137 ಸಿಗರೇಟಿನಷ್ಟು ಎಂದು ಕಂಡಿತ್ತು. ಭತ್ತದ ಸೀಮೆಯಲ್ಲಿ ಸೊಳ್ಳೆ ತಪ್ಪಿದ್ದಲ್ಲ, ಡೆಂಗಿಯ ಭಯವೂ ನಿಜ. ಹಾಗಾಗಿ ಪರದೆ. ಕೂಸಿನ ಜೋಲಿಗೂ, ಹಾಸಿಗೆಗೂ ಪರದೆ. ನೀರಿನ ತೊಟ್ಟಿಯನ್ನು ವಾರಕ್ಕೊಮ್ಮೆ ಬರಿದು ಮಾಡಿ ಉಜ್ಜುವುದು.

ಸಹಜವಾದದ್ದೆಲ್ಲ ಒಳ್ಳೆಯದು ಎಂಬ ನಂಬಿಕೆಯನ್ನೂ ಇಲ್ಲಿ ಸ್ವಲ್ಪ ತಡೆಯಬೇಕು. ಮಗುವಿನ ತಲೆಗೆ ಹೇನಾದರೆ ಹೊಲದ ಎಣ್ಣಿ ಸವರುವ ಕೆಟ್ಟ ರೂಢಿಯನ್ನು ಬಿಡಬೇಕೆಂದರೆ, ಅದರ ಬದಲು ಸೀತಾಫಲದ ಬೀಜ ಅರೆದು ಹಚ್ಚುತ್ತಾರೆ. ಅದು ಕಣ್ಣಿಗೆ ಇಳಿದರೆ ಕಣ್ಣಿನ ಪಾಪೆಗೇ ಗಾಯ. ಬೇವಿನೆಣ್ಣೆ ಹೊಲಕ್ಕೆ ವರ, ಆದರೆ ಹಸುಗೂಸಿಗೆ ಒಂದು ಚಮಚ ಕುಡಿಸಿದರೆ ಜೀವಕ್ಕೇ ಸಂಚಕಾರ, ವೈದ್ಯರು ಅಂಥ ಪ್ರಕರಣಗಳನ್ನು ದಾಖಲಿಸಿದ್ದಾರೆ. ಕರ್ಪೂರ ಹೊಟ್ಟೆಗೆ ಹೋದರೆ ಮಗುವಿಗೆ ಫಿಟ್ಸ್ ಬರುತ್ತದೆ. ಬಟ್ಟೆಯ ನಡುವೆ ಇಡುವ ಡಾಂಬರು ಗುಳಿಗೆಯಿಂದ ಕೆಲವು ನವಜಾತ ಶಿಶುಗಳ ರಕ್ತಕಣಗಳೇ ಒಡೆದುಹೋಗುತ್ತವೆ. ಹೇನಿಗೆ ಕೊಬ್ಬರಿ ಎಣ್ಣೆ ಹಚ್ಚಿ ಸಣ್ಣ ಹಲ್ಲಿನ ಬಾಚಣಿಗೆಯಲ್ಲಿ ದಿನಾ ಬಾಚುವುದಕ್ಕಿಂತ ಸುರಕ್ಷಿತ ಉಪಾಯ ಇನ್ನೂ ಹುಟ್ಟಿಲ್ಲ.

ಸೀಸದ ವಿಷಯವನ್ನು ಮರೆಯುವ ಹಾಗಿಲ್ಲ. ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನಲ್ಲಿದ್ದ ಡಾ. ತುಪ್ಪಿಲ್ ವೆಂಕಟೇಶ್ ಅವರು ಮಕ್ಕಳ ರಕ್ತದಲ್ಲಿನ ಸೀಸದ ಬಗ್ಗೆ 1990ರ ದಶಕದಿಂದಲೇ ದೇಶಕ್ಕೆ ಎಚ್ಚರಿಕೆ ಹೇಳುತ್ತ ಬಂದವರು. ಮನೆಗೆ ಬಳಿಯುವ ಬಣ್ಣದಲ್ಲಿ ಸೀಸ 90 ಪಿಪಿಎಂ ಮೀರಬಾರದೆಂಬ ನಿಯಮ 2017ರ ನವೆಂಬರಿನಿಂದ ಜಾರಿಯಲ್ಲಿದೆ. ಅದಕ್ಕೆ ಮುಂಚಿನ ಬಾಗಿಲು, ಕಿಟಕಿ, ತೊಟ್ಟಿಲಿನ ಬಣ್ಣ ಏಳುತ್ತಿದ್ದರೆ ಒಣದಾಗಿ ಕೆರೆಯದೆ ಒದ್ದೆ ಮಾಡಿ ತೆಗೆಯಬೇಕು. ಕೂಸಿಗೆ ಹಚ್ಚುವ ಕಾಡಿಗೆ, ಸುರ್ಮಾ ಅಂಗಡಿಯದು ಬೇಡ, ಅದರಲ್ಲೂ ಸೀಸ ಇರಬಹುದು. ಅದೇ ಕಾರಣಕ್ಕೆ ಅರಿಶಿನ, ಖಾರವನ್ನು ಕೊಂಬು, ಕಾಯಿ ಕೊಂಡು ಗಿರಣಿಯಲ್ಲಿ ಬೀಸಿಸಿಕೊಳ್ಳುವುದು ಲೇಸು. ಮೆಣಸಿನಕಾಯಿ ಬೆಳೆಯುವ ದೇವದುರ್ಗದಲ್ಲಿ ಪ್ಯಾಕೆಟ್ಟಿನ ಖಾರ ಕೊಳ್ಳುವ ಮನೆಗಳನ್ನು ನೋಡಿದರೆ ನನಗೆ ಸಂಕಟವಾಗುತ್ತದೆ.

ತಾಟಿನಲ್ಲಿ ಏನಿರಬೇಕು

ಮಾರುಕಟ್ಟೆಯ ಕಾಯಿಪಲ್ಯವನ್ನು ಹರಿಯುವ ನೀರಿನಲ್ಲಿ ಉಜ್ಜಿ ತೊಳೆದರೆ, ತೆಳು ಹುಣಸೆನೀರಿನಲ್ಲಿ ಹದಿನೈದು ಇಪ್ಪತ್ತು ನಿಮಿಷ ಅದ್ದಿಟ್ಟು ಮತ್ತೆ ತೊಳೆದರೆ ಮೇಲೆ ಅಂಟಿದ ವಿಷ ಬಹಳಷ್ಟು ಹೋಗುತ್ತದೆ. ನೂರು ಪಾಲು ನೀರಿಗೆ ಎರಡು ಪಾಲು ಹುಣಸೆ ಎಂಬ ಲೆಕ್ಕವನ್ನು ಕೇರಳದ ಕೃಷಿ ವಿಶ್ವವಿದ್ಯಾಲಯ ಹೇಳಿತ್ತು. ಆದರೆ ಗಿಡದ ಒಳಕ್ಕೇ ಇಳಿಯುವ ಕೀಟನಾಶಕಗಳಿವೆ, ಮೊನೊಕ್ರೊಟೊಫಾಸ್, ಅಸಿಫೇಟ್, ಇಮಿಡಾಕ್ಲೋಪ್ರಿಡ್ ಅಂಥವು. ಅವು ಯಾವ ನೀರಿಗೂ ಹೋಗುವುದಿಲ್ಲ. ಅವಕ್ಕೆ ಒಂದೇ ಮದ್ದು, ಕಾಯುವುದು. ಹೊಡೆದ ಮೇಲೆ ಕೊಯ್ಯಲು ಎಷ್ಟು ದಿನ ಬಿಡಬೇಕೆಂದು ಚೀಟಿಯಲ್ಲಿ ಅಚ್ಚಾಗಿರುತ್ತದೆ. ಮೊನೊಕ್ರೊಟೊಫಾಸನ್ನು ತರಕಾರಿಗೆ ಹೊಡೆಯಲೇಬಾರದೆಂದು ಸರ್ಕಾರ ಬಹು ಹಿಂದೆಯೇ ನಿಷೇಧಿಸಿದೆ. ಹತ್ತಿಗೆ ಹೊಡೆದು ಪಂಪಿನಲ್ಲಿ ಮಿಕ್ಕದ್ದನ್ನು ಬದಿಯ ಬೆಂಡೆ ಸಾಲಿಗೋ ಚವಳಿ ಸಾಲಿಗೋ ಹೊಡೆದು ಮುಗಿಸುವುದು ಈ ಸೀಮೆಯಲ್ಲಿ ಅಪರೂಪವಲ್ಲ. ಆ ಬೆಂಡೆಕಾಯಿ ಮರುದಿನ ಮಕ್ಕಳ ತಾಟಿಗೆ ಬರುತ್ತದೆ. ಹತ್ತಿಯ ಹೊಲದಲ್ಲಿ ತಿನ್ನುವ ಪಲ್ಯ ಬೆಳೆಯಬಾರದು. ನನ್ನ ಮಟ್ಟಿಗೆ ಇಡೀ ಲೇಖನದಲ್ಲಿ ಅತ್ಯಂತ ಮುಖ್ಯವಾದ ವಾಕ್ಯ ಇದು.

ಹಾಗಾದರೆ ಎಲ್ಲಿ ಬೆಳೆಯಬೇಕು? ಹಿತ್ತಿಲಲ್ಲಿ. ಬಚ್ಚಲ ನೀರು ಹೋಗುವ ಕಡೆ ನಾಲ್ಕು ಮೊಳ ಜಾಗ ಸಾಕು. ಪುಂಡಿಪಲ್ಯ, ರಾಜಗಿರಿ, ಒಂದು ಹೀರೇ ಬಳ್ಳಿ, ಒಂದು ನುಗ್ಗೆ, ಒಂದು ಕರಿಬೇವು. ಹುಳ ಬಿದ್ದರೆ ಬೇವಿನ ಬೀಜದ ಕಷಾಯ. ಬೇವಿನ ಬೀಜಕ್ಕಂತೂ ರಾಯಚೂರು ಜಿಲ್ಲೆಯಲ್ಲಿ ಬರವಿಲ್ಲ. ಐವತ್ತು ಗ್ರಾಂ ಬೀಜದ ಪುಡಿಯನ್ನು ಒಂದು ಲೀಟರು ನೀರಿನಲ್ಲಿ ರಾತ್ರಿಯಿಡೀ ನೆನೆಸಿ, ಸೋಸಿ, ಚೂರು ಸಾಬೂನು ಕದಡಿ ಸಂಜೆ ಹೊತ್ತು ಹೊಡೆಯಬೇಕು.

ಅನ್ನದ ಬಗ್ಗೆಯೂ ಒಂದು ಮಾತು. ಹಿಂಗಾರಿಯ ಬಿಳಿಜೋಳ ಕಪ್ಪುನೆಲದ ಹಸಿಯಲ್ಲೇ, ಚಳಿಯಲ್ಲೇ ಬೆಳೆದುಬಿಡುವ ಬೆಳೆ. ಹೆಚ್ಚಿನ ಕಡೆ ಅದಕ್ಕೆ ಯಾರೂ ಎಣ್ಣಿ ಹೊಡೆಯುವುದಿಲ್ಲ. ನವಣೆ, ಸಜ್ಜೆಯದೂ ಅದೇ ಕಥೆ. ನಗರದವರು ಸಾವಯವ ಎಂದು ದುಬಾರಿ ಬೆಲೆ ಕೊಟ್ಟು ಹುಡುಕುವ ಆಹಾರ ಪೋತ್ನಾಳದ ಸಂತೆಯಲ್ಲಿ ಚೀಲಗಟ್ಟಲೆ ಬಿದ್ದಿದೆ. ಭತ್ತ ಬಂದ ಮೇಲೆ ಅನ್ನ ಉಣ್ಣುವುದು ಅಂತಸ್ತಿನ ಗುರುತಾಗಿ ಮಕ್ಕಳ ತಾಟಿನಿಂದ ರೊಟ್ಟಿ ಸರಿಯುತ್ತಿದೆ. ರೊಟ್ಟಿ, ಹುಳಿಪಲ್ಯ, ಶೇಂಗಾ ಹಿಂಡಿ, ಮಜ್ಜಿಗೆ ಇವಿಷ್ಟಿದ್ದರೆ ಮಕ್ಕಳ ಊಟ ಹಸಿರಾಗುತ್ತದೆ, ಅಗ್ಗವೂ ಆಗುತ್ತದೆ. ಹೊಲದ ಬದುವಿನ ಹತ್ತರಕಿ, ಗೋಳಿಪಲ್ಯ ತರುವವರು ಮಾತ್ರ ಆ ಹೊಲಕ್ಕೆ ಕಳೆನಾಶಕ ಬಿದ್ದಿದೆಯೇ ಎಂದು ಕೇಳಿಯೇ ಕೀಳಬೇಕು.

ಪೋತ್ನಾಳದ ಹೆಣ್ಣುಮಕ್ಕಳು

ಈ ಮಾತುಗಳನ್ನೆಲ್ಲ ಊರಿಗೆ ಯಾರು ಹೇಳಬೇಕು? ಪೋತ್ನಾಳದಲ್ಲೇ ಅದಕ್ಕೆ ಒಂದು ಉತ್ತರವಿದೆ. ಇಲ್ಲಿಯ ಜಾಗೃತ ಮಹಿಳಾ ಸಂಘಟನೆ ದಲಿತ ಕೃಷಿ ಕೂಲಿ ಹೆಣ್ಣುಮಕ್ಕಳು ಕಟ್ಟಿ ಬೆಳೆಸಿದ್ದು. ಕೂಲಿಯ ಪ್ರಶ್ನೆ, ದೌರ್ಜನ್ಯದ ಪ್ರಶ್ನೆ, ಹೊಲಕ್ಕೆ ದುಡಿಯಲು ಹೋಗುತ್ತಿದ್ದ ಮಕ್ಕಳ ಪ್ರಶ್ನೆಗಳನ್ನು ಎತ್ತಿಕೊಂಡ ಹೆಂಗಸರು 'ಚಿಗುರು' ಎಂಬ ಹೆಸರಿನಲ್ಲಿ ಸುಟ್ಟ ಮಣ್ಣಿನ ಒಡವೆ ಮಾಡಿದರು, ಗಿಡಮೂಲಿಕೆಯ ಔಷಧ ತಯಾರಿಸಿದರು, ಬೇವಿನ ಬೀಜದಿಂದ ಗೊಬ್ಬರ ಮಾಡಿದರು. ಮಣ್ಣು, ಬೇವು, ಸೊಪ್ಪು, ಮೂರೂ ಈ ನೆಲದವೇ.

ಅವರ ಕೆಲಸ ನನಗೆ ಮುಖ್ಯವಾಗಿ ಕಾಣುವುದು ಬೇರೊಂದು ಕಾರಣಕ್ಕೆ. ಹೊಲದ ಒಡೆಯನಾದರೆ ಯಾವ ಎಣ್ಣಿ, ಎಷ್ಟು, ಯಾವಾಗ ಎಂದು ತೀರ್ಮಾನಿಸಬಲ್ಲ. ಕೂಲಿಗೆ ಹೋಗುವ ಹೆಂಗಸಿಗೆ ಆ ಅಧಿಕಾರವಿಲ್ಲ. ನಿನ್ನೆ ಎಣ್ಣಿ ಹೊಡೆದ ಹೊಲಕ್ಕೆ ಇಂದು ಬರಿಗಾಲಿನಲ್ಲಿ ಇಳಿದು ಕಳೆ ಕೀಳುವವಳು ಅವಳು, ಹತ್ತಿ ಬಿಡಿಸುವವಳು ಅವಳು, ಅದೇ ಕೈಯಲ್ಲಿ ಬುತ್ತಿ ಬಿಚ್ಚಿ ಉಂಡು ಜೋಲಿಯ ಕೂಸಿಗೆ ಮೊಲೆಯೂಡುವವಳೂ ಅವಳೇ. ಅವಳ ಮನೆಯನ್ನು ವಿಷಮುಕ್ತ ಮಾಡುವ ಕೆಲಸ ಅವಳೊಬ್ಬಳ ಕೈಯಲ್ಲಿಲ್ಲ. ಎಣ್ಣಿ ಹೊಡೆದ ಹೊಲಕ್ಕೆ ಇಂತಿಷ್ಟು ದಿನ ಕೂಲಿ ಕರೆಯಬಾರದು, ಹೊಡೆದಿದ್ದರೆ ಮೊದಲೇ ಹೇಳಬೇಕು, ಕೈ ತೊಳೆಯಲು ನೀರು, ಸಾಬೂನು ಇಡಬೇಕು. ಈ ಬೇಡಿಕೆಗಳನ್ನು ಇಡೀ ಊರಿನ ಕೂಲಿ ಹೆಂಗಸರು ಒಟ್ಟಾಗಿ ಇಟ್ಟರೆ ಮಾತ್ರ ನಡೆಯುತ್ತವೆ. ಕೂಲಿಯ ದರಕ್ಕೆ ಒಗ್ಗಟ್ಟಾದವರು ಇದಕ್ಕೂ ಆಗಬಲ್ಲರು.

ಒಬ್ಬಿಬ್ಬರಿಂದಲೂ ಏನಾಗಬಹುದು ಎಂಬುದಕ್ಕೆ ಕಾಸರಗೋಡಿನ ಉದಾಹರಣೆಯಿದೆ. ಅಲ್ಲಿನ ಸರ್ಕಾರಿ ಗೇರು ತೋಟಗಳ ಮೇಲೆ 1970ರ ದಶಕದ ಕೊನೆಯಿಂದ ಹೆಲಿಕಾಪ್ಟರಿನಲ್ಲಿ ಎಂಡೋಸಲ್ಫಾನ್ ಸುರಿದರು. ಎಣ್ಮಕಜೆ, ಪಡ್ರೆಯ ಕನ್ನಡದ ಮನೆಗಳ ಬಾವಿಗೆ, ಅಂಗಳಕ್ಕೆ, ಮಕ್ಕಳ ಮೈಗೆ ಅದು ಬಿತ್ತು. ಕನ್ನಡದ ಪತ್ರಕರ್ತ ಶ್ರೀಪಡ್ರೆ ಬರೆದರು, ಊರಿನ ವೈದ್ಯ ಡಾ. ವೈ.ಎಸ್. ಮೋಹನ ಕುಮಾರ್ ತಮ್ಮ ರೋಗಿಗಳ ಪಟ್ಟಿ ಹಿಡಿದು ಪ್ರಶ್ನೆ ಕೇಳಿದರು. ಕೃಷಿ ಇಲಾಖೆಯಲ್ಲೇ ನೌಕರಿಯಲ್ಲಿದ್ದ ಲೀಲಾಕುಮಾರಿ ಅಮ್ಮ ಎಂಬ ಹೆಣ್ಣುಮಗಳು 1998ರಲ್ಲಿ ಕೋರ್ಟಿಗೆ ಹೋದರು. 2000ದ ಹೊತ್ತಿಗೆ ಹೆಲಿಕಾಪ್ಟರು ನಿಂತಿತು. 2011ರ ಮೇ 13ರಂದು ಸುಪ್ರೀಂ ಕೋರ್ಟ್ ದೇಶದಾದ್ಯಂತ ಎಂಡೋಸಲ್ಫಾನ್ ನಿಲ್ಲಿಸಿತು. ಅಷ್ಟರಲ್ಲಿ ಎಷ್ಟೋ ತಾಯಂದಿರ ಮಕ್ಕಳು ಹಾಸಿಗೆ ಹಿಡಿದಾಗಿತ್ತು.

ಮನೆಯ ಕೈಗೆ ನಿಲುಕದ ನೀರು

ಕೊನೆಗೆ ನೀರಿಗೆ ಬರೋಣ. ತಂದೆ-ತಾಯಿ ಎಷ್ಟೇ ಎಚ್ಚರವಿದ್ದರೂ ಸೋಲುವುದು ಇಲ್ಲೇ. 2022ರ ಮೇ, ಜೂನ್‌ನಲ್ಲಿ ರಾಯಚೂರು ನಗರದಲ್ಲಿ ನಲ್ಲಿಯ ಕಲುಷಿತ ನೀರು ಕುಡಿದು ಹಲವರು ಸತ್ತರು, ಆಸ್ಪತ್ರೆಗಳು ತುಂಬಿದವು. ಕೃಷ್ಣೆ, ತುಂಗಭದ್ರೆಗಳ ನಡುವೆ ಕೂತ ಜಿಲ್ಲಾ ಕೇಂದ್ರದ ಸ್ಥಿತಿ ಅದು. ಹಳ್ಳಿಗಳಲ್ಲಿ ಬೋರಿನ ನೀರಿಗೆ ಫ್ಲೋರೈಡಿನ ಕಾಟ, ಕೆಲವು ಕಡೆ ಆರ್ಸೆನಿಕ್ಕಿನದೂ. ಲೀಟರಿಗೆ ಫ್ಲೋರೈಡ್ ಒಂದೂವರೆ ಮಿಲಿಗ್ರಾಂ ಮೀರಬಾರದು, ಆರ್ಸೆನಿಕ್ 0.01 ಮಿಲಿಗ್ರಾಂ ಮೀರಬಾರದು.

ಇಲ್ಲಿ ಮನೆಯವರು ತಿಳಿದಿರಬೇಕಾದದ್ದು ಇಷ್ಟು. ಕುದಿಸಿದರೆ ರೋಗಾಣು ಸಾಯುತ್ತವೆ, ಫ್ಲೋರೈಡ್ ಹೋಗುವುದಿಲ್ಲ. ನೀರು ಆವಿಯಾದಷ್ಟೂ ಉಳಿದ ನೀರಿನಲ್ಲಿ ಅದು ಗಾಢವಾಗುತ್ತದೆ. ತಾಮ್ರದ ಕೊಡದಲ್ಲಿ 16 ಗಂಟೆ ಇಟ್ಟ ನೀರಿನಲ್ಲಿ ಭೇದಿಯ ರೋಗಾಣುಗಳು ಉಳಿಯಲಿಲ್ಲ ಎಂದು ಬೆಂಗಳೂರಿನ ಸಂಶೋಧಕರು 2012ರಲ್ಲಿ ತೋರಿಸಿದ್ದಾರೆ, ಆದರೆ ತಾಮ್ರಕ್ಕೂ ಫ್ಲೋರೈಡ್ ಬಗ್ಗುವುದಿಲ್ಲ. ಹುಣಸೆಹುಳಿ ಉಂಡ ಮಕ್ಕಳ ಮೂತ್ರದಲ್ಲಿ ಫ್ಲೋರೈಡ್ ಹೆಚ್ಚು ಹೊರಹೋಯಿತೆಂದು ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯವರು 2002ರಲ್ಲಿ ಬರೆದರು. ಹುಳಿ ಉಣ್ಣುವ ನಮ್ಮ ರೂಢಿಗೆ ಅದು ಬಲ. ಆದರೆ ಹುಳಿಯ ಮೇಲೆ ಭಾರ ಹಾಕಿ ಕೆಟ್ಟ ನೀರು ಕುಡಿಯುವ ಹಾಗಿಲ್ಲ. ಫ್ಲೋರೈಡಿನ ಊರಾದರೆ ಶುದ್ಧ ನೀರಿನ ಘಟಕದ ನೀರನ್ನು ಕುಡಿಯಲಷ್ಟೇ ಅಲ್ಲ, ಬೇಳೆ ಬೇಯಿಸಲು, ಕೂಸಿನ ಗಂಜಿಗೂ ಬಳಸಬೇಕು. ಆ ನೀರು ತಂದ ಕ್ಯಾನನ್ನು ಬಿಸಿಲಿನಲ್ಲಿ ಇಡದೆ ಮಣ್ಣಿನ ಗಡಿಗೆಗೋ ಸ್ಟೀಲಿನ ಕೊಡಕ್ಕೋ ಸುರಿದುಕೊಳ್ಳಬೇಕು.

ಕಾಲುವೆಯ ಕೊನೆಯಂಚಿನ ಊರುಗಳಲ್ಲಿ ಕಾಲುವೆಗೆ ನೀರು ಬಿಟ್ಟಾಗ ಕೆರೆ ತುಂಬಿಸಿಕೊಂಡು ಬೇಸಿಗೆಯಿಡೀ ಅದನ್ನೇ ಕುಡಿಯುತ್ತಾರೆ. ಆ ಕಾಲುವೆಯ ಮೇಲಿನ ಮೈಲುಗಟ್ಟಲೆ ಗದ್ದೆಗಳ ಬಸಿನೀರಿನಲ್ಲಿ ಏನೇನು ಬೆರೆತಿರಬಹುದು? ಜಲಜೀವನ ಮಿಷನ್ ಅಡಿಯಲ್ಲಿ ಪ್ರತಿ ಹಳ್ಳಿಯ ಐವರು ಹೆಂಗಸರಿಗೆ ನೀರು ಪರೀಕ್ಷೆಯ ತರಬೇತಿ ಕೊಟ್ಟು ಕಿಟ್ ಕೊಡುವ ವ್ಯವಸ್ಥೆಯಿದೆ. ಫ್ಲೋರೈಡ್, ನೈಟ್ರೇಟ್ ಅದರಲ್ಲಿ ಗೊತ್ತಾಗುತ್ತದೆ, ಕೀಟನಾಶಕ ಗೊತ್ತಾಗುವುದಿಲ್ಲ. ಆದರೆ ಕೀಟನಾಶಕದ ಉಳಿಕೆಯನ್ನು ಅಳೆಯುವ ಪ್ರಯೋಗಾಲಯ ದೂರದಲ್ಲೇನೂ ಇಲ್ಲ, ರಾಯಚೂರಿನ ಕೃಷಿ ವಿಜ್ಞಾನಗಳ ವಿಶ್ವವಿದ್ಯಾಲಯದಲ್ಲೇ ಇದೆ. ಕಾಲುವೆಯಿಂದ ತುಂಬುವ ಪ್ರತಿ ಕುಡಿಯುವ ನೀರಿನ ಕೆರೆಯ ನೀರನ್ನು ಮುಂಗಾರಿಗೊಮ್ಮೆ, ಹಿಂಗಾರಿಗೊಮ್ಮೆ ಅಲ್ಲಿ ಪರೀಕ್ಷೆ ಮಾಡಿಸಿ, ಬಂದ ಅಂಕಿಗಳನ್ನು ಗ್ರಾಮ ಪಂಚಾಯಿತಿಯ ಗೋಡೆಯ ಮೇಲೆ ಕನ್ನಡದಲ್ಲಿ ಬರೆಯಿಸಬೇಕು. ಜಿಲ್ಲಾ ಪಂಚಾಯಿತಿ ಮನಸ್ಸು ಮಾಡಿದರೆ ಇದೇ ಹಂಗಾಮಿನಲ್ಲಿ ಆಗುವ ಕೆಲಸ. ಮುಂದಿನ ಗ್ರಾಮಸಭೆಯಲ್ಲಿ ಪೋತ್ನಾಳದ ತಂದೆ-ತಾಯಂದಿರು ಎದ್ದು ನಿಂತು ಇದನ್ನು ಕೇಳಲಿ, ಕೇಳಿದ್ದು ನಡಾವಳಿ ಪುಸ್ತಕದಲ್ಲಿ ದಾಖಲಾಗುವ ತನಕ ಕೂರದಿರಲಿ.